ಕಣ್ಣಿಗೆ ಕನ್ನಡ, ಕಿವಿಗೆ ಪೌಂಡ್!



ಈ ಪುಟ ಓದುವ ಮೊದಲು ನಿಮ್ಮ ಫೋನಿನಲ್ಲಿ ಒಂದು ಸಣ್ಣ ಕೆಲಸ ಮಾಡಿ. ಯಾವುದಾದರೂ ಹಳೆಯ ಕನ್ನಡ ಪಿಡಿಎಫ್ ತೆರೆಯಿರಿ. ಶಾಲೆಯ ಪಾಠವಾಗಲಿ, ಪರೀಕ್ಷಾ ಕೈಪಿಡಿಯಾಗಲಿ, ಇಲಾಖೆಯ ಸುತ್ತೋಲೆಯಾಗಲಿ. ಅದರಲ್ಲಿ 'ಕನ್ನಡ' ಎಂಬ ಪದದ ಮೇಲೆ ಬೆರಳೊತ್ತಿ ಕಾಪಿ ಮಾಡಿ, ಗೆಳೆಯನಿಗೆ ಕಳಿಸುವ ಮೆಸೇಜಿನಲ್ಲಿ ಅಂಟಿಸಿ. 'ಕನ್ನಡ' ಎಂದೇ ಬಂದರೆ ಸಂತೋಷ. ಆದರೆ ನುಡಿಯ ಹಳೆಯ ಅಕ್ಷರದಲ್ಲಿ ಜೋಡಿಸಿದ ಕಡತವಾದರೆ ಏನು ಬರುತ್ತದೆ ಗೊತ್ತೆ? ಇಂಗ್ಲಿಷಿನ ಒಂದು ಪಿ. ತಲೆಯ ಮೇಲೆ ಗೀಟು ಹೊತ್ತ ಒಂದು ಎ. ಇಂಗ್ಲೆಂಡಿನ ಪೌಂಡ್ ಚಿಹ್ನೆ. ಮತ್ತೆ ಗೀಟಿನ ಎ. ಜರ್ಮನ್ ಭಾಷೆಯ ಒಂದು ಎಸ್. ಒಂದು ಕ್ಯೂ. ಕೊನೆಗೆ ಇನ್ನೊಂದು ಗೀಟಿನ ಎ. ಒಟ್ಟು ಏಳು ಗುರುತು. ಒಂದೂ ಕನ್ನಡದ್ದಲ್ಲ!

ಕಣ್ಣಿಗೆ ಕನ್ನಡ ಕಂಡಿತಲ್ಲ, ಒಳಗೆ ಏನಿದ್ದರೇನು ಎನ್ನುತ್ತೀರಾ? ನಾನೂ ಇಪ್ಪತ್ತು ವರ್ಷ ಹಾಗೇ ಅಂದುಕೊಂಡಿದ್ದೆ. ನನ್ನ ಕಣ್ಣು ತೆರೆಸಿದವನು ಕಣ್ಣಿಲ್ಲದ ಒಬ್ಬ ಹುಡುಗ.

ನಮ್ಮ ಕಡೂರು ತಾಲ್ಲೂಕಿನ ದೇವನೂರು ನಿಮಗೆ ಗೊತ್ತಿರಬೇಕು. ಜೈಮಿನಿ ಭಾರತ ಬರೆದ ಲಕ್ಷ್ಮೀಶ ನಮ್ಮೂರಿನವನು ಎಂದು ನಾವು ಎದೆ ತಟ್ಟಿಕೊಂಡು ಹೇಳುವ ಊರು. ಲಕ್ಷ್ಮೀಕಾಂತನ ಗುಡಿ ಇರುವ ಊರು. ಆ ಕಡೆಯ ಹುಡುಗ, ಪಿಯುಸಿ ಓದುತ್ತಿದ್ದಾನೆ, ಹುಟ್ಟಿನಿಂದಲೇ ದೃಷ್ಟಿಯಿಲ್ಲ. ಒಂದು ದಿನ ಅಕ್ಕನ ಕೈ ಹಿಡಿದುಕೊಂಡು ನನ್ನ ಪ್ರೆಸ್ಸಿಗೆ ಬಂದ. ಲಗ್ನಪತ್ರಿಕೆಗೆ ಬಂದಿದ್ದಾರೆ ಅಂದುಕೊಂಡೆ. ಹುಡುಗ ಜೇಬಿನಿಂದ ಫೋನ್ ತೆಗೆದು, "ಅಣ್ಣಾ, ಈ ಪುಸ್ತಕ ಜೋಡಿಸಿದ್ದು ನೀವಂತೆ. ನನ್ನ ಫೋನ್ ಇದನ್ನು ಓದುತ್ತಿಲ್ಲ" ಎಂದ.

ಕೇಳಿಸಿಕೊಂಡೆ. ಫೋನು ಒಂದು ಹೆಣ್ಣು ಧ್ವನಿಯಲ್ಲಿ ಪಟಪಟನೆ ಉದುರಿಸುತ್ತಿತ್ತು. ಪಿ, ಎ, ಪೌಂಡ್, ಎ, ಕ್ಯೂ... ಹುಚ್ಚು ಹಿಡಿದವರ ಮಾತಿನ ಹಾಗೆ. ಅದು ನಾನೇ ಡಿಟಿಪಿ ಮಾಡಿದ ಇತಿಹಾಸದ ಪ್ರಶ್ನೋತ್ತರ. ಮಾಡಿಸಿಕೊಂಡ ಸಂಸ್ಥೆಯವರು ಮಕ್ಕಳಿಗೆ ಅನುಕೂಲವಾಗಲಿ ಎಂದು ತಮ್ಮ ಜಾಲತಾಣದಲ್ಲಿ ಪುಕ್ಕಟೆ ಹಾಕಿದ್ದರು. ಒಳ್ಳೆಯ ಮನಸ್ಸಿನಿಂದಲೇ ಹಾಕಿದ್ದು. ಕೊನೆಯ ಪುಟದಲ್ಲಿ ನನ್ನ ಪ್ರೆಸ್ಸಿನ ಹೆಸರು ಬೇರೆ ದಪ್ಪಕ್ಷರದಲ್ಲಿತ್ತು. ಅಕ್ಕ ಅದನ್ನೇ ಹಿಡಿದು ಹುಡುಕಿಕೊಂಡು ಬಂದಿದ್ದಳು.

ಹುಡುಗ ಇನ್ನೊಂದು ಕಡತ ತೆರೆದ. ಅದೇ ಪಾಠ, ಇಂಗ್ಲಿಷಿನಲ್ಲಿ. ಫೋನು ನೀರು ಕುಡಿದ ಹಾಗೆ ಓದಿತು. "ಇಂಗ್ಲಿಷಿನದೆಲ್ಲ ಓದುತ್ತೆ ಅಣ್ಣಾ. ಅದಕ್ಕೇ ಮುಂದಿನ ವರ್ಷದಿಂದ ಇಂಗ್ಲಿಷಿಗೇ ಹೋಗಿಬಿಡೋಣ ಅಂತ" ಎಂದ. ದೂರಿನ ದನಿಯಲ್ಲಿ ಹೇಳಲಿಲ್ಲ. ಬಸ್ ತಪ್ಪಿದರೆ ಬೇರೆ ಬಸ್ ಹತ್ತುವವನ ಹಾಗೆ ಹೇಳಿದ.

ಗೆಳೆಯರೇ, ಇಲ್ಲಿ ಒಂದು ಕ್ಷಣ ನಿಲ್ಲಿ. ಗೋಕಾಕ್ ವರದಿಗಾಗಿ 1982ರಲ್ಲಿ ಡಾ. ರಾಜ್ ಬೀದಿಗಿಳಿದಾಗ ನಮ್ಮ ಹಿರಿಯರು ಹಿಂದೆ ನಡೆದರು. ಅಂಗಡಿ ಫಲಕದಲ್ಲಿ ಶೇಕಡಾ 60 ಭಾಗ ಕನ್ನಡ ಇರಬೇಕೆಂದು 2023ರ ಡಿಸೆಂಬರಿನಲ್ಲಿ ಬೆಂಗಳೂರಿನ ಬೀದಿಗಳಲ್ಲಿ ನಿಂತವರು ನೀವು. ಅದು ಬೇಕಿತ್ತು, ಆಯಿತು. ಆದರೆ ಕನ್ನಡ ಮಾಧ್ಯಮದಲ್ಲೇ ಓದುತ್ತೇನೆ ಎಂದು ಕೂತಿದ್ದ ಹುಡುಗನನ್ನು ಇಂಗ್ಲಿಷಿನ ಕಡೆ ತಳ್ಳಿದ್ದು ಯಾರು? ಕಾನ್ವೆಂಟಿನವರೇ? ದೆಹಲಿಯವರೇ? ತಳ್ಳಿದ್ದು ಕನ್ನಡದ ಕಡತ. ಜೋಡಿಸಿದ್ದು ಕನ್ನಡದ ಪ್ರೆಸ್ಸು. ನಾನೇ!

ಇದು ಹೇಗಾಯಿತು ಎಂದು ಹೇಳಿಬಿಡುತ್ತೇನೆ. ಕಾಲೇಜು ಹುಡುಗರಿಗೆ ಇದನ್ನು ಯಾರೂ ಹೇಳಿಕೊಡುವುದಿಲ್ಲ. ಕಂಪ್ಯೂಟರಿಗೆ ಅಕ್ಷರ ಎಂದರೆ ಒಂದು ಸಂಖ್ಯೆ. ಮೊದಲು ಅದರಲ್ಲಿ ಇಂಗ್ಲಿಷಿಗೂ ಯುರೋಪಿನ ನಾಲ್ಕಾರು ಭಾಷೆಗಳಿಗೂ ಮಾತ್ರ ಮನೆ ಇತ್ತು. ನಮ್ಮವರು ಒಂದು ಉಪಾಯ ಮಾಡಿದರು. ಪಿ ಇದ್ದ ಮನೆಯಲ್ಲಿ ಅರ್ಧ ಕ-ಕಾರದ ಚಿತ್ರ, ಪೌಂಡ್ ಇದ್ದ ಮನೆಯಲ್ಲಿ ನ-ಕಾರದ ಚಿತ್ರ ಹೀಗೆ ತುಂಬಿದರು. ಹೊರಗೆ ಕನ್ನಡದ ಬೋರ್ಡು, ಒಳಗೆ ಇಂಗ್ಲಿಷಿನ ಸಂಸಾರ. ಶ್ರೀಲಿಪಿ, ಬರಹ, ನುಡಿ ಎಲ್ಲವೂ ಆರಂಭದಲ್ಲಿ ಈ ದಾರಿ ಹಿಡಿದವೇ. ಅವನ್ನು ಬೈಯುವಷ್ಟು ಕೃತಘ್ನ ನಾನಲ್ಲ. ಆ ಕಾಲಕ್ಕೆ ಅವು ಇಲ್ಲದಿದ್ದರೆ ನನ್ನಂಥವನು ಅಪ್ಪನ ಟ್ರೆಡಲ್ ಮಿಷಿನ್ನು, ಸೀಸದ ಮೊಳೆಗಳ ಜೊತೆಗೇ ಮಣ್ಣಾಗುತ್ತಿದ್ದೆ. ಕಾಗದದ ಮೇಲೆ ಅಚ್ಚಾಗುವವರೆಗೆ ಈ ಉಪಾಯದಲ್ಲಿ ದೋಷವಿಲ್ಲ. ಕಾಗದಕ್ಕೆ ಒಳಗೇನಿದೆ ಎಂಬ ಚಿಂತೆಯಿಲ್ಲ.

ಆದರೆ ಕನ್ನಡಕ್ಕೆ ಸ್ವಂತ ಮನೆ ಯಾವಾಗಲೋ ಸಿಕ್ಕಿದೆ. ಜಗತ್ತಿನ ಭಾಷೆಗಳಿಗೆಲ್ಲ ಪ್ರತ್ಯೇಕ ಸಂಖ್ಯೆ ಕೊಡುವ ಯೂನಿಕೋಡ್ 1991ರಲ್ಲಿ ಹೊರಬಂದಾಗಲೇ ಅದರಲ್ಲಿ ಕನ್ನಡವಿತ್ತು. ನಮ್ಮ ಜಿಲ್ಲೆಯ ಮೂಡಿಗೆರೆಯಲ್ಲಿ ಕೂತ ತೇಜಸ್ವಿ 2007ರಲ್ಲಿ ತೀರಿಕೊಳ್ಳುವ ಮುನ್ನ ಕನ್ನಡ ತಂತ್ರಾಂಶಕ್ಕಾಗಿ ಎಷ್ಟು ಕೂಗಿಕೊಂಡರು! ಕರ್ನಾಟಕ ಸರ್ಕಾರವೇ 2012ರಲ್ಲಿ ಯೂನಿಕೋಡನ್ನು ಒಪ್ಪಿ ಆದೇಶ ಹೊರಡಿಸಿತು. ನುಡಿಯಲ್ಲೂ ಬರಹದಲ್ಲೂ ಯೂನಿಕೋಡ್ ಸೌಲಭ್ಯ ಬಂದು ವರ್ಷಗಳೇ ಆದವು. ಮತ್ತೇಕೆ ಇನ್ನೂ ಹಳೆಯದು? ಏಕೆಂದರೆ ನನ್ನಂಥವರ ಟೇಬಲ್ಲಿನ ಮೇಲೆ ಇನ್ನೂ ಪೇಜ್‌ಮೇಕರ್ ಕೂತಿದೆ. ಅದು ಯೂನಿಕೋಡ್ ತಿಳಿಯದ ಮುದಿ ತಂತ್ರಾಂಶ. ಕೈಗೆ ಒಗ್ಗಿದೆ, ಬಿಡಲು ಮನಸ್ಸಿಲ್ಲ. ಗಿರಾಕಿ ಕೇಳುವುದಿಲ್ಲ. ಅಧಿಕಾರಿ ಕೇಳುವುದಿಲ್ಲ. ಪುಟ ಚೆನ್ನಾಗಿ ಕಂಡರೆ ಬಿಲ್ ಪಾಸ್!

ಇದಕ್ಕಿಂತ ಕೆಟ್ಟದ್ದು ಇನ್ನೆರಡಿವೆ. ಒಂದು, ಪ್ಲೇಟ್ ಮಾಡುವವರು ಫಾಂಟ್ ಇಲ್ಲ ಅನ್ನುತ್ತಾರೆಂದು ನಾವು ಕೋರೆಲ್‌ಡ್ರಾದಲ್ಲಿ ಅಕ್ಷರವನ್ನೆಲ್ಲ 'ಕರ್ವ್' ಮಾಡಿ ಕೊಡುತ್ತೇವೆ. ಆಗ ಅದು ಅಕ್ಷರವಾಗಿ ಉಳಿಯುವುದಿಲ್ಲ, ಬರೀ ಗೆರೆ. ಅದೇ ಕಡತ ಮರುದಿನ ಜಾಲತಾಣಕ್ಕೆ ಹೋಗುತ್ತದೆ. ಎರಡನೆಯದು ಸ್ಕ್ಯಾನ್. ಪುಟದ ಫೋಟೋ ಹೊಡೆದು ಪಿಡಿಎಫ್ ಎಂದು ಹೆಸರಿಟ್ಟರೆ ಓದುವ ತಂತ್ರಾಂಶಕ್ಕೆ ಅದು ಖಾಲಿ ಹಾಳೆ. ಪೌಂಡ್ ಎಂದೂ ಹೇಳುವುದಿಲ್ಲ. ಮೌನ.

ಯಂತ್ರಕ್ಕೆ ಕನ್ನಡ ಬರುವುದಿಲ್ಲ ಎಂದು ಯಾರಾದರೂ ನೆಪ ಹೇಳಿದರೆ ನಂಬಬೇಡಿ. ಆಂಡ್ರಾಯ್ಡ್ ಫೋನುಗಳಲ್ಲಿ ಟಾಕ್‌ಬ್ಯಾಕ್ ಎಂಬ ಓದುಗ ಇದೆ, ಗೂಗಲ್‌ನ ಧ್ವನಿಗೆ ಕನ್ನಡ ಬರುತ್ತದೆ. ಕಂಪ್ಯೂಟರಿಗೆ ಎನ್‌ವಿಡಿಎ ಇದೆ, ಪುಕ್ಕಟೆ. ಅದನ್ನು 2006ರಲ್ಲಿ ಶುರು ಮಾಡಿದವನು ಮೈಕೆಲ್ ಕರನ್, ಜೊತೆಗೂಡಿದವನು ಜೇಮ್ಸ್ ಟೆ. ಇಬ್ಬರೂ ಆಸ್ಟ್ರೇಲಿಯಾದವರು, ಇಬ್ಬರೂ ಅಂಧರು. ಸಾವಿರಾರು ರೂಪಾಯಿ ಕೊಟ್ಟು ಕೊಳ್ಳಲಾಗದವರಿಗೂ ಸಿಗಲಿ ಎಂದು ಹಂಚಿದರು. ಅದರ ಜೊತೆ ಬರುವ ಇ-ಸ್ಪೀಕ್ ಧ್ವನಿಯೂ ಕನ್ನಡ ಓದುತ್ತದೆ. ಉಚ್ಚಾರ ಸ್ವಲ್ಪ ಗೊಗ್ಗರು, ಆದರೆ ನಮ್ಮ ಕೆಲವು ಟೀವಿ ನಿರೂಪಕರಿಗಿಂತ ಅಲ್ಪಪ್ರಾಣ ಮಹಾಪ್ರಾಣ ಸ್ಪಷ್ಟ. ಎಲ್ಲೋ ಕೂತ ವಿದೇಶಿ ಯಂತ್ರ ಕನ್ನಡ ಕಲಿತಿದೆ. ಕರ್ನಾಟಕದ ಕಡತಗಳು ಕಲಿತಿಲ್ಲ!

2011ರ ಜನಗಣತಿಯಲ್ಲಿ ಕರ್ನಾಟಕದಲ್ಲಿ 13 ಲಕ್ಷ 24 ಸಾವಿರ ಅಂಗವಿಕಲರಿದ್ದರು. ಅವರಲ್ಲಿ ದೃಷ್ಟಿದೋಷ ಉಳ್ಳವರೇ ಎರಡೂವರೆ ಲಕ್ಷಕ್ಕೂ ಹೆಚ್ಚು. ಇವರಿಗೆ ಭಿಕ್ಷೆ ಕೊಡಿ ಎಂದು ನಾನು ಕೇಳುತ್ತಿಲ್ಲ. ಕಾನೂನೇ ಕೇಳುತ್ತಿದೆ. ವಿಕಲಚೇತನರ ಹಕ್ಕುಗಳ ಕಾಯ್ದೆ 2016ರಲ್ಲಿ ಬಂತು. ಅದರ 42ನೆಯ ಕಲಂ ಪ್ರಕಾರ ಶಬ್ದ, ಮುದ್ರಣ, ಎಲೆಕ್ಟ್ರಾನಿಕ್ ಮಾಧ್ಯಮದಲ್ಲಿರುವುದೆಲ್ಲ ಅಂಗವಿಕಲರಿಗೆ ಎಟುಕುವ ರೂಪದಲ್ಲಿ ಇರುವಂತೆ ನೋಡಿಕೊಳ್ಳುವುದು ಸರ್ಕಾರದ ಹೊಣೆ. 2017ರ ನಿಯಮದಲ್ಲಿ ಜಾಲತಾಣಕ್ಕೆ ಹಾಕುವ ದಾಖಲೆ ಇ-ಪಬ್ ಅಥವಾ ಅಕ್ಷರ ಗುರುತಿಸಿದ ಪಿಡಿಎಫ್ ಆಗಿರಬೇಕೆಂದು ಬರೆದಿದ್ದರು. ಬರೀ ಫೋಟೋ ನಡೆಯದು ಎಂದೇ ಅರ್ಥ. ದೃಷ್ಟಿದೋಷವಿರುವ ರಾಜೀವ್ ರಾಟೂರಿ ಎಂಬುವರು 2005ರಲ್ಲಿ ಹಾಕಿದ ಅರ್ಜಿಯ ಮೇಲೆ ಸುಪ್ರೀಂ ಕೋರ್ಟು 2024ರ ನವೆಂಬರ್ 8ರಂದು ಒಂದು ತೀರ್ಪು ಕೊಟ್ಟಿತು. ಕಾಯ್ದೆ ಕಡ್ಡಾಯ ಎನ್ನುತ್ತದೆ, ನೀವು ಮಾಡಿದ ನಿಯಮ ಬರೀ ಸಲಹೆಯ ಹಾಗಿದೆ, ಇದು ನಡೆಯುವುದಿಲ್ಲ, ಮೂರು ತಿಂಗಳಲ್ಲಿ ಕಡ್ಡಾಯ ನಿಯಮ ಮಾಡಿ ಎಂದು ಕೇಂದ್ರಕ್ಕೆ ಹೇಳಿತು. ಮತ್ತೆ 2025ರ ಏಪ್ರಿಲ್ 30ರಂದು ಪ್ರಜ್ಞಾ ಪ್ರಸೂನ್ ಪ್ರಕರಣದಲ್ಲಿ, ಡಿಜಿಟಲ್ ಲೋಕಕ್ಕೆ ಪ್ರವೇಶವೂ ಸಂವಿಧಾನದ 21ನೆಯ ವಿಧಿಯ ಬದುಕುವ ಹಕ್ಕಿನ ಭಾಗ ಎಂದಿತು. ಕಾಪಿರೈಟ್ ಅಡ್ಡ ಬರುತ್ತದೆ ಎಂಬ ಪ್ರಕಾಶಕರ ಹಳೆಯ ರಾಗವೂ ಸುಳ್ಳು. ಅಂಗವಿಕಲರಿಗಾಗಿ ಪುಸ್ತಕದ ರೂಪ ಬದಲಿಸಲು 2012ರ ತಿದ್ದುಪಡಿಯಲ್ಲೇ ಅವಕಾಶವಿದೆ. ಇದಕ್ಕಾಗಿಯೇ ಆದ ಮರಕೇಶ್ ಒಪ್ಪಂದವನ್ನು ಜಗತ್ತಿನಲ್ಲಿ ಮೊದಲು ಅನುಮೋದಿಸಿದ ದೇಶ ನಮ್ಮದು, 2014ರಲ್ಲಿ. ದೆಹಲಿಯಲ್ಲಿ ಎಲ್ಲದಕ್ಕೂ ನಾವೇ ಮೊದಲು. ಕಡೂರಿಗೆ ಬರುವ ಹೊತ್ತಿಗೆ ಬ್ಯಾಟರಿ ಮುಗಿದಿರುತ್ತದೆ.

ಹಾಗಾದರೆ ಯಾರು ನೋಡುತ್ತಿದ್ದಾರೆ? ಬೆಂಗಳೂರಿನ ಸೆಂಟರ್ ಫಾರ್ ಇಂಟರ್ನೆಟ್ ಅಂಡ್ ಸೊಸೈಟಿಯವರು 2012ರಲ್ಲಿ ಸುಮಾರು 7,800 ಸರ್ಕಾರಿ ಜಾಲತಾಣಗಳನ್ನು ಯಂತ್ರಕ್ಕೆ ಕೊಟ್ಟು ಪರೀಕ್ಷಿಸಿದ್ದರು. ಎರಡು ಸಾವಿರದ ಹತ್ತಿರ ತಾಣಗಳು ತೆರೆಯಲೇ ಇಲ್ಲ, ತೆರೆದವುಗಳಲ್ಲಿ ಬಹುಪಾಲು ತೊಡಕಿನವು. ಇದು ನಮ್ಮ ದೇಶದ ಕಾಯಿಲೆ ಮಾತ್ರ ಎಂದುಕೊಳ್ಳಬೇಡಿ. ಅಮೆರಿಕದ ವೆಬ್‌ಏಮ್ ಸಂಸ್ಥೆ 2025ರಲ್ಲಿ ಹತ್ತು ಲಕ್ಷ ಮುಖಪುಟ ನೋಡಿದಾಗ ಶೇಕಡಾ 94.8ರಲ್ಲಿ ತಪ್ಪು ಸಿಕ್ಕಿತು.

ಆದರೆ ಕನ್ನಡದ ಕಾಯಿಲೆ ಬೇರೆಯದೇ. ಇದನ್ನು ಗಮನವಿಟ್ಟು ಕೇಳಿ. ಈ ತಪಾಸಣೆ ಯಂತ್ರಗಳು ಚಿತ್ರಕ್ಕೆ ವಿವರಣೆ ಇದೆಯೇ, ಗುಂಡಿಗೆ ಹೆಸರಿದೆಯೇ, ಬಣ್ಣ ಮಸುಕೇ ಎಂದು ನೋಡುತ್ತವೆ. ಹಳೆಯ ನುಡಿ ಅಕ್ಷರದ ಪುಟ ಕೊಟ್ಟರೆ ಅದಕ್ಕೆ ಕಾಣುವುದು ಪಿ, ಎ, ಪೌಂಡ್. ಅಕ್ಷರಗಳಿವೆ, ಸರಿ, ಮುಂದೆ ಹೋಗು ಎನ್ನುತ್ತದೆ. ಅದರ ಲೆಕ್ಕದಲ್ಲಿ ಪಾಸ್! ಅದು ಕನ್ನಡವೋ ಕಸವೋ ಎಂದು ಹೇಳಲು ಕನ್ನಡದ ಕಿವಿಯೇ ಬೇಕು. ಗುತ್ತಿಗೆದಾರ ಯಂತ್ರದ ವರದಿ ಲಗತ್ತಿಸಿ ಬಿಲ್ ಕೊಟ್ಟರೆ ಸಹಿ ಹಾಕುವ ಅಧಿಕಾರಿ ಇದನ್ನು ಹಿಡಿಯಲಾರ. ನೀವು ಹಿಡಿಯಬಲ್ಲಿರಿ.

ಆದ್ದರಿಂದ ನಗರದ ಕನ್ನಡ ಹುಡುಗ ಹುಡುಗಿಯರೇ, ನಿಮಗೆ ಕೆಲಸ. ಕಾಪಿ ಮಾಡಿ ಅಂಟಿಸುವ ಪರೀಕ್ಷೆ ಆಗಲೇ ಹೇಳಿದೆ. ಕನ್ನಡವೇ ಬಂದರೂ ಬಿಡಬೇಡಿ, ಒತ್ತಕ್ಷರ ಒಡೆದಿದೆಯೇ ನೋಡಿ. ಯೂನಿಕೋಡಿನಲ್ಲೇ ಜೋಡಿಸಿದ್ದರೂ ಪಿಡಿಎಫ್ ಮಾಡುವಾಗ 'ಸ್ತ್ರೀ' 'ಶಾಸ್ತ್ರ'ಗಳ ಕೈಕಾಲು ಮುರಿಯುವುದುಂಟು. ಆಮೇಲೆ ಟಾಕ್‌ಬ್ಯಾಕ್ ಹಾಕಿ, ಕಣ್ಣು ಮುಚ್ಚಿ, ತಾಣದ ಮುಖಪುಟದಿಂದ ಹತ್ತನೆಯ ತರಗತಿಯ ಒಂದು ಪಾಠದವರೆಗೆ ಹೋಗಿ ನೋಡಿ. ಕಳ್ಳಗಣ್ಣು ಬಿಡಬೇಡಿ! ನಾನು ಒಂದು ಸಲ ಪ್ರಯತ್ನಿಸಿದೆ. ಅರ್ಧ ಗಂಟೆಯಾದರೂ 'ಬಟನ್, ಬಟನ್, ಹೆಸರಿಲ್ಲದ ಬಟನ್' ಎಂಬುದನ್ನು ದಾಟಲಾಗಲಿಲ್ಲ. ನನ್ನ ಮಗಳು ಪಕ್ಕದಲ್ಲಿ ನಗುತ್ತಿದ್ದಳು. ಗುಂಡಿಗೆ ಚಿತ್ರ ಅಂಟಿಸಿದವರು ಹೆಸರು ಕೊಟ್ಟಿರಲಿಲ್ಲ, ಅಷ್ಟೇ ಕಥೆ.

ಪುಟದ ಒಡಲಲ್ಲಿ 'ಇದು ಕನ್ನಡ' ಎಂದು ಹೇಳುವ ಎರಡಕ್ಷರದ ಗುರುತು ಇರಬೇಕು. ಕನ್ನಡಕ್ಕೆ ಕೆ, ಎನ್. ಎಷ್ಟೋ ಕನ್ನಡ ಪುಟಗಳ ಒಳಗೆ ಇಂಗ್ಲಿಷಿನ ಗುರುತೇ ಕೂತಿರುತ್ತದೆ, ಅಚ್ಚು ಹಾಕಿದ ಮಾದರಿಯಿಂದ ಬಂದದ್ದು. ಕಂಪ್ಯೂಟರಿನ ಧ್ವನಿ ಆಗ ಇಂಗ್ಲಿಷ್ ನಾಲಿಗೆಯಲ್ಲೇ ಕನ್ನಡ ಓದಲು ಹೋಗಿ ತೊದಲುತ್ತದೆ, ಇಲ್ಲವೇ ಬಾಯಿ ಮುಚ್ಚುತ್ತದೆ. ಇಂಜಿನಿಯರಿಂಗ್ ಓದುವವರು ನಿಮ್ಮಲ್ಲಿ ಸಾವಿರ ಜನ ಇದ್ದೀರಿ. ಒಂದು ನಿಮಿಷದ ತಪಾಸಣೆ, ಒಂದು ಸಾಲಿನ ತಿದ್ದುಪಡಿ. ಮೌಸ್ ಪಕ್ಕಕ್ಕಿಟ್ಟು ಟ್ಯಾಬ್ ಕೀಲಿಯೊಂದರಿಂದ ಓಡಾಡಿ ನೋಡಿ, ಕೈ ನಡುಗುವವರ ಕಷ್ಟ ತಿಳಿಯುತ್ತದೆ. ಪಾಠದ ವಿಡಿಯೋ ದನಿ ನಿಲ್ಲಿಸಿ ನೋಡಿ. ಕೆಳಗೆ ಕನ್ನಡದ ಸಾಲು ಬರದಿದ್ದರೆ ಕಿವಿ ಕೇಳದ ಮಗುವಿಗೆ ಅಲ್ಲಿ ಮೇಷ್ಟ್ರು ಬಾಯಿ ಆಡಿಸುತ್ತಿದ್ದಾರೆ, ಅಷ್ಟೇ. ತಾನಾಗಿ ಮೂಡುವ ಸಾಲುಗಳನ್ನು ನಂಬಬೇಡಿ, ಓದಿ ತಿದ್ದಬೇಕು.

ಸಿಕ್ಕಿದ ತಪ್ಪನ್ನು ಬರೆದಿಟ್ಟುಕೊಳ್ಳಿ. ತಾಣದ ಹೆಸರು, ಪಾಠ, ದಿನಾಂಕ, ಫೋನು ಏನೆಂದು ಓದಿತು ಎಂಬುದು. ಮೊದಲು ತಾಣದವರಿಗೆ ಕನ್ನಡದಲ್ಲಿ ಪತ್ರ ಬರೆಯಿರಿ, ಮರ್ಯಾದೆಯಿಂದ. ತಿದ್ದದಿದ್ದರೆ ಈ ಕಾಯ್ದೆಯನ್ನು ನೋಡಿಕೊಳ್ಳಲೆಂದೇ ಇರುವ ರಾಜ್ಯ ಆಯುಕ್ತರಿಗೆ ದೂರು ಕೊಡಿ. ಕಾಯ್ದೆಯ 89ನೆಯ ಕಲಂನಲ್ಲಿ ಮೊದಲ ತಪ್ಪಿಗೆ 10,000 ರೂಪಾಯಿವರೆಗೆ, ಮತ್ತೆ ಮಾಡಿದರೆ 50,000ದಿಂದ 5 ಲಕ್ಷದವರೆಗೆ ದಂಡವಿದೆ. ಮಸಿ ಬಳಿಯುವುದಕ್ಕಿಂತ ಇದು ನಿಧಾನ, ಒಪ್ಪುತ್ತೇನೆ. ಪೌಂಡ್ ಚಿಹ್ನೆಗೆ ಮಸಿ ಬಳಿಯಲು ಆಗುವುದಿಲ್ಲವಲ್ಲ!

ಕೆಲವರು ಕೇಳಬಹುದು, ಭಾಷೆಯ ಪತ್ರಿಕೆಗೆ ಅಂಗವಿಕಲರ ವಿಷಯ ಏಕೆ ಎಂದು. ದೇವನೂರಿನ ಸೀಮೆಯಲ್ಲಿ ಅಕ್ಷರ ಬಾರದ ಅಜ್ಜಿಯರು ಜೈಮಿನಿಯ ಷಟ್ಪದಿಗಳನ್ನು ಬಾಯಲ್ಲೇ ಹೇಳುತ್ತಿದ್ದರು. ಒಬ್ಬ ಗಮಕಿ ಓದುತ್ತಿದ್ದ, ಊರು ಕೇಳುತ್ತಿತ್ತು. ಆ ಕಾವ್ಯ ಉಳಿದದ್ದು ಓದಿದವರಿಂದ ಎಷ್ಟೋ, ಕೇಳಿದವರಿಂದಲೂ ಅಷ್ಟೇ. ಗದುಗಿನ ಪುಟ್ಟರಾಜ ಗವಾಯಿಗಳು 2010ರಲ್ಲಿ ತೀರಿಕೊಳ್ಳುವವರೆಗೂ ವೀರೇಶ್ವರ ಪುಣ್ಯಾಶ್ರಮದಲ್ಲಿ ಅಂಧ ಮಕ್ಕಳಿಗೆ ಸಂಗೀತ ಕಲಿಸಿದರು, ತಾವೇ ಕಣ್ಣಿಲ್ಲದೆ ಕನ್ನಡದಲ್ಲಿ ಪುರಾಣ ನಾಟಕ ಬರೆದರು. ಅವರ ಕಾಲಕ್ಕೆ ಬ್ರೈಲ್ ಇತ್ತು, ಚುಕ್ಕಿಗಳಲ್ಲಿ ಕ ಎಂದರೆ ಕ ಎಂದೇ ಇತ್ತು. ಇಂದಿನ ನಮ್ಮ ಬಣ್ಣಬಣ್ಣದ ಪರದೆಯಲ್ಲಿ ಕ ಎಂದರೆ ಪಿ. ಮುಂದೆ ಹೋದದ್ದೋ ಇದು, ಹಿಂದೆ ಬಂದದ್ದೋ?

ಇನ್ನು ನಮ್ಮ ಮನೆಯ ಮಾತು. ಕನ್ನಡಕ್ಕಾಗಿ ಎಂದು ಎದೆಯುಬ್ಬಿಸಿ ಬರುವ ಈ ಪತ್ರಿಕೆಯ ಹಿಂದಿನ ಸಂಚಿಕೆಗಳೆಲ್ಲ ಹಳೆಯ ಅಕ್ಷರದಲ್ಲೇ ಜೋಡಣೆಯಾದವು. ನನ್ನ ಪ್ರೆಸ್ಸಿನಲ್ಲೇ. ವಾಟ್ಸಾಪಿನಲ್ಲಿ ನೀವು ಹಂಚಿದ ಪಿಡಿಎಫ್ಪಿನಲ್ಲಿ ನಮ್ಮ ಘೋಷಣೆಗಳೆಲ್ಲ ಪಿ, ಎ, ಪೌಂಡ್. ಸಂಘಟನೆಯ ಗೆಳೆಯರಿಗೆ ಇದನ್ನು ಹೇಳಿದಾಗ ಒಬ್ಬರಿಗೂ ಮೊದಲು ನಂಬಿಕೆ ಬರಲಿಲ್ಲ. ಫೋನಿನಲ್ಲಿ ಓದಿಸಿ ಕೇಳಿಸಿದೆ. ಆಮೇಲೆ ಯಾರೂ ವಾದ ಮಾಡಲಿಲ್ಲ.

ಈ ಸಂಚಿಕೆ ಯೂನಿಕೋಡಿನಲ್ಲಿದೆ. ಹಳೆಯ ಲೇಖನಗಳನ್ನು ಬದಲಿಸುವ ಪರಿವರ್ತಕಗಳು ಪುಕ್ಕಟೆ ಸಿಗುತ್ತವೆ, ಆದರೆ ಕಣ್ಣು ಮುಚ್ಚಿ ನಂಬಿದರೆ ಕೆಟ್ಟಿರಿ. ಅರ್ಕಾವತ್ತು ಹಳೆಯದರಲ್ಲಿ ಅಕ್ಷರದ ಹಿಂದೆ ಕೂರುತ್ತದೆ, ಯೂನಿಕೋಡಿನಲ್ಲಿ ಮುಂದೆ. 'ಸೂರ್ಯ', 'ಕಾರ್ಯ', 'ವರ್ಷ' ಎಲ್ಲವನ್ನೂ ಒಮ್ಮೆ ತಡವಿ ನೋಡಬೇಕು. ಇಂಡಿಸೈನ್ ಕಲಿಯಲು ಮಗಳ ಹತ್ತಿರ ಪಾಠಕ್ಕೆ ಕೂತಿದ್ದೇನೆ. ಈ ವಯಸ್ಸಿನಲ್ಲಿ ಕೈ ತಿರುಗುವುದು ಕಷ್ಟ. ಇದೇ ಕಡೂರು, ತರೀಕೆರೆ, ಅಜ್ಜಂಪುರದ ಪ್ರೆಸ್ಸಿನ ಗೆಳೆಯರಿಗೂ ಹೇಳುತ್ತಿದ್ದೇನೆ, ಜಾಲತಾಣಕ್ಕೆ ಹೋಗುವ ಕಡತವನ್ನು ಕರ್ವ್ ಮಾಡದೆ ಪ್ರತ್ಯೇಕ ಕೊಡಿ ಎಂದು. ಇಬ್ಬರು ಒಪ್ಪಿದ್ದಾರೆ. ಒಬ್ಬ, ಅದಕ್ಕೆ ಎಕ್ಸ್‌ಟ್ರಾ ಯಾರು ಕೊಡುತ್ತಾರೆ ಎಂದ.

ಇತಿಹಾಸದ ಪ್ರಶ್ನೋತ್ತರವನ್ನು ಮತ್ತೆ ಜೋಡಿಸಿ ಕೊಟ್ಟಿದ್ದೇನೆ. ಆ ಸಂಸ್ಥೆಯವರು ಹಳೆಯದನ್ನು ತೆಗೆದು ಹೊಸದು ಹಾಕಿದ್ದಾರೆ. ಹುಡುಗ ಇಂಗ್ಲಿಷಿಗೆ ಹೋಗುವುದೋ ಬೇಡವೋ ಇನ್ನೂ ತೀರ್ಮಾನ ಮಾಡಿಲ್ಲ. ಅರ್ಥಶಾಸ್ತ್ರವೂ ರಾಜ್ಯಶಾಸ್ತ್ರವೂ ಹಾಗೇ ಇವೆಯಲ್ಲ ಅಣ್ಣಾ ಎನ್ನುತ್ತಾನೆ. ಅಚ್ಚಿಗೆ ಹೋಗುವ ಮುನ್ನ ಈ ಸಂಚಿಕೆಯನ್ನು ಅವನ ಫೋನಿಗೆ ಕಳಿಸಿದ್ದೆ. ರಾತ್ರಿ ಫೋನ್ ಮಾಡಿದ. ಎರಡು ಕಡೆ ಅರ್ಕಾವತ್ತು ತಪ್ಪಿದೆ, ಮೂರನೆಯ ಪುಟದಲ್ಲಿ ಒಂದು ಜಾಗ ಏನೂ ಓದುತ್ತಿಲ್ಲ ಎಂದ. ಅರ್ಕಾವತ್ತು ತಿದ್ದಿದೆ. ಮೂರನೆಯ ಪುಟದ್ದು ಜಾಹೀರಾತು, ಚಿತ್ರವಾಗಿ ಬಂದದ್ದು. ಅಕ್ಷರದಲ್ಲಿ ಕಳಿಸಿ ಎಂದು ಆ ಅಂಗಡಿಯವರಿಗೆ ಹೇಳಿದ್ದೇನೆ.